ಮಳೆ ಕೈ ಕೊಟ್ಟಿತು ಅನ್ನುವ ಮಗುವಿಗೆ ಪರ್ಸಾನಿಫಿಕೇಶನ್ ಹೊಸದಲ್ಲ

(ಗದಗಿನಲ್ಲಿ ಹೈಸ್ಕೂಲ್ ಇಂಗ್ಲಿಷ್ ಶಿಕ್ಷಕರು ಮತ್ತು ಪಾಲಕರ ಎದುರು ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯ ಮಾತಾಡಲು ಗದಗು ತುಂಬ ಸರಿಯಾದ ಊರು. ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ ಕುಮಾರವ್ಯಾಸ ಕಾವ್ಯ ಬರೆದ ಎಂದು ಈ ಊರು ನಂಬಿಕೊಂಡು ಬಂದಿದೆ. ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಅವನಿಗೆ ಕನ್ನಡಿಗರು ಕೊಟ್ಟ ಬಿರುದು ರೂಪಕ ಸಾಮ್ರಾಜ್ಯ ಚಕ್ರವರ್ತಿ. ಇನ್ನು ಈ ಊರಿಗೆ ಮುದ್ರಣ ಕಾಶಿ ಅಂತಲೂ ಹೆಸರಿದೆ. ಅಚ್ಚಿನ ಮೊಳೆ ಜೋಡಿಸಿ ಪುಸ್ತಕ ಮಾಡಿದವರ ಊರು ಇದು. ಇವತ್ತಿನ ಮಾತು ಮೂರು ವಿಷಯಗಳ ಬಗ್ಗೆ. ಇಂಗ್ಲಿಷ್ ತರಗತಿಯಲ್ಲಿ ಬರುವ ಅಲಂಕಾರದ ಮಾತು, ಲೇಖನ ಚಿಹ್ನೆಗಳು ಮತ್ತು ಪದಗಳು. ಮೊದಲ ಎರಡಕ್ಕೂ ಈ ಊರಲ್ಲಿ ಬೇರು ಇದೆ, ಅಲ್ವಾ?

ಈ ಮೂರರಲ್ಲೂ ನಮ್ಮ ಮಕ್ಕಳು ತಪ್ಪು ಮಾಡುತ್ತಾರೆ. ನಾವು ಕೆಂಪು ಪೆನ್ನು ಹಿಡಿದು ಗೆರೆ ಎಳೆಯುತ್ತೇವೆ. ಲಕ್ಷ್ಯ ಕೊಟ್ಟು ಬರೆಯೋದಿಲ್ಲ ಅಂತ ಬೈಯುತ್ತೇವೆ. ಆದರೆ ಆ ತಪ್ಪುಗಳನ್ನು ಒಂದೊಂದಾಗಿ ಕೂತು ನೋಡಿದರೆ ಬೇರೆಯದೇ ಕಾಣುತ್ತದೆ. ಬಹಳಷ್ಟು ತಪ್ಪುಗಳ ಕೆಳಗೆ ಒಂದು ಸರಿಯಾದ ಕನ್ನಡ ವಾಕ್ಯ ಇರುತ್ತದೆ. ಮಗು ತನಗೆ ಚೆನ್ನಾಗಿ ಗೊತ್ತಿರುವ ಭಾಷೆಯ ನಿಯಮವನ್ನು ಪಾಲಿಸಿರುತ್ತದೆ. ಆ ಕನ್ನಡವನ್ನು ನಾವು ಹೊರಗೆ ತೆಗೆದು, ಇಂಗ್ಲಿಷಿನ ಪಕ್ಕದಲ್ಲಿಟ್ಟು ತೋರಿಸಬೇಕು. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಉದಾಹರಣೆ.

ಅಲಂಕಾರದಿಂದ ಶುರು ಮಾಡೋಣ. ಪರ್ಸಾನಿಫಿಕೇಶನ್ ಅಂದರೆ ಏನು ಅಂತ ಬೋರ್ಡಿನ ಮೇಲೆ ಬರೆಯುತ್ತೇವೆ. ಜೀವವಿಲ್ಲದ ವಸ್ತುವಿಗೆ ಮನುಷ್ಯರ ಗುಣ ಕೊಡುವುದು. ಉದಾಹರಣೆಗೆ ‘ದಿ ವಿಂಡ್ ವಿಸ್ಪರ್ಡ್’, ಗಾಳಿ ಪಿಸುಗುಟ್ಟಿತು. ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದೇ ಮಗು ಮನೆಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತು ಹೇಳುತ್ತಿರುತ್ತಾನೆ: ‘ಈ ವರ್ಷ ಮಳಿ ಕೈ ಕೊಡ್ತು.’ ಇದು ಪರ್ಸಾನಿಫಿಕೇಶನ್ ಅಲ್ಲದೆ ಮತ್ತೇನು? ‘ಮಳೆ ಬರಲಿಲ್ಲ’ ಅಂದರೆ ಅದು ಬರೀ ಸುದ್ದಿ. ‘ಕೈ ಕೊಟ್ಟಿತು’ ಅಂದಾಗ ಅದರಲ್ಲಿ ನಂಬಿಕೆ ಇದೆ, ಮೋಸ ಇದೆ, ಸಿಟ್ಟೂ ಇದೆ. ಮಳೆ ಮಾತು ಕೊಟ್ಟು ತಪ್ಪಿದ ಮನುಷ್ಯನಾಯಿತು. ಬೀಜ, ಗೊಬ್ಬರಕ್ಕೆ ಸಾಲ ಮಾಡಿ ಕಾದವನ ನೋವು ಆ ಎರಡೇ ಪದಗಳಲ್ಲಿ ಬಂತು.

ಇನ್ನೂ ದೊಡ್ಡ ಉದಾಹರಣೆ ನಮ್ಮ ಹೊಲದಲ್ಲೇ ಇದೆ. ಶೀಗಿ ಹುಣ್ಣಿಮೆಗೆ ಗದಗ, ಹಾವೇರಿ, ಧಾರವಾಡ ಸೀಮೆಯ ರೈತರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪೈರು ತುಂಬಿ ನಿಂತ ಭೂಮಿ ಅವರಿಗೆ ಬಸುರಿ ಹೆಂಗಸು. ಅವಳ ಬಯಕೆ ತೀರಿಸಬೇಕು. ಅದಕ್ಕೇ ಕಡುಬು, ಹೋಳಿಗೆ, ರೊಟ್ಟಿ, ಪಲ್ಯ ಎಲ್ಲ ಮಾಡಿಕೊಂಡು ಹೋಗಿ, ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲುತ್ತಾರೆ, ಅಂದರೆ ಆ ಅಡುಗೆಯನ್ನು ಭೂಮಿಗೆ ಎಡೆಯಾಗಿ ಎರಚುತ್ತಾರೆ. ಇದು ಪುಸ್ತಕದ ಒಂದು ಸಾಲಿನಲ್ಲಿ ಮುಗಿಯುವ ಅಲಂಕಾರ ಅಲ್ಲ. ಇಡೀ ಮನೆತನ ಒಂದು ದಿನ ಅದರೊಳಗೆ ಬದುಕುತ್ತದೆ. ಚರಗ ಚೆಲ್ಲಿ ಬಂದ ಹುಡುಗಿಗೆ ಭೂಮಿಯನ್ನು ‘ಶೀ’ ಅಂತ ಯಾಕೆ ಕರೆದಿದ್ದಾರೆ ಅಂತ ಇಂಗ್ಲಿಷ್ ಪದ್ಯದಲ್ಲಿ ಕೇಳಿ ನೋಡಿ. ಹೊಲದ ಕಡೆಯಿಂದ ಶುರು ಮಾಡಿದರೆ ಅವಳು ನಿಮಗಿಂತ ಚೆನ್ನಾಗಿ ಹೇಳುತ್ತಾಳೆ. ಲಕ್ಷಣದಿಂದ ಶುರು ಮಾಡಿದರೆ ತಲೆ ತಗ್ಗಿಸುತ್ತಾಳೆ.

ಆದರೆ ಇಲ್ಲಿ ಒಂದು ತೊಡಕಿದೆ. ಅಪ್ಪನ ಮಾತನ್ನೇ ಆ ಮಗು ಇಂಗ್ಲಿಷಿಗೆ ತಂದು ‘ದಿ ರೇನ್ ಗೇವ್ ಅಸ್ ಎ ಹ್ಯಾಂಡ್’ ಅಂತ ಬರೆದರೆ ಅರ್ಥ ಪೂರ್ತಿ ತಿರುಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಕೈ ಕೊಡುವುದು ಅಂದರೆ ಸಹಾಯ ಮಾಡುವುದು. ಬರಗಾಲದ ವಾಕ್ಯ ಸುಗ್ಗಿಯ ವಾಕ್ಯವಾಗುತ್ತದೆ! ಇದನ್ನು ಸುಮ್ನೆ ತಪ್ಪು ಅಂತ ಹೊಡೆದುಹಾಕಿದರೆ ಒಂದು ಒಳ್ಳೆಯ ಪಾಠ ಕಳೆದುಹೋಯಿತು. ಎರಡೂ ಭಾಷೆಗಳಲ್ಲಿ ಕೈ ಇದೆ. ಒಂದರಲ್ಲಿ ಅದು ಎತ್ತಿ ನಿಲ್ಲಿಸುತ್ತದೆ, ಇನ್ನೊಂದರಲ್ಲಿ ನಡುದಾರಿಯಲ್ಲಿ ಬಿಟ್ಟು ಹೋಗುತ್ತದೆ. ಇದನ್ನು ಬೋರ್ಡಿನ ಮೇಲೆ ಎದುರುಬದುರು ಬರೆದು ತೋರಿಸಿದರೆ ಮಕ್ಕಳು ಮರೆಯೋದಿಲ್ಲ. ನುಡಿಗಟ್ಟನ್ನು ಪದಪದ ಬಿಡಿಸಿ ತರಬಾರದು ಅನ್ನುವುದು ಆಗ ತಾನಾಗೇ ತಿಳಿಯುತ್ತದೆ.

ಬಿಸಿ ಮತ್ತು ತಂಪಿನ ಮಾತೂ ಹೀಗೇ. ಇಂಗ್ಲಿಷಿನಲ್ಲಿ ಸ್ವಾಗತ ‘ವಾರ್ಮ್’ ಆಗಿರುತ್ತದೆ. ಪ್ರೀತಿ ಇಲ್ಲದವನ ಮನಸ್ಸು ‘ಕೋಲ್ಡ್’. ನಮ್ಮ ಅಜ್ಜಿಯರು ಹರಸುವುದು ಹೇಗೆ? ‘ನಿನ್ನ ಹೊಟ್ಟಿ ತಣ್ಣಗಿರಲಿ.’ ಇಂಗ್ಲಿಷ್ ಪದ್ಯಗಳಲ್ಲಿ ಬೇಸಿಗೆ ಅಂದರೆ ಸುಖದ ಕಾಲ, ಹೂವಿನ ಕಾಲ. ಲಂಡನ್ನಿನಲ್ಲಿ ಜುಲೈ ತಿಂಗಳ ಮಧ್ಯಾಹ್ನದ ಬಿಸಿ ಸಾಮಾನ್ಯವಾಗಿ 23-24 ಡಿಗ್ರಿ. ಗದಗಿನಲ್ಲಿ ಏಪ್ರಿಲ್ ಬಂತೆಂದರೆ 37-38 ಡಿಗ್ರಿ. ಆ ಬಿಸಿಲಲ್ಲಿ ಸಾಲಿಗೆ ನಡೆದು ಬರುವ ಹುಡುಗ, ಪ್ರೀತಿಯವರನ್ನು ಬೇಸಿಗೆಗೆ ಹೋಲಿಸಿದ ಸಾಲು ಓದಿ ಅದನ್ನು ಬೈಗುಳ ಅಂದುಕೊಂಡರೆ ಅವನ ಬುದ್ಧಿಯಲ್ಲಿ ಏನೂ ಕೊರತೆ ಇಲ್ಲ. ಅವನಿಗೆ ಬೇಕಾದದ್ದು ಸ್ವಲ್ಪ ಭೂಗೋಳ. ಹೋಲಿಕೆ ಹುಟ್ಟಿದ ಊರಿನ ಹವೆ ಹೇಳಿದರೆ ಹೋಲಿಕೆ ತಾನೇ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಸಿಮಿಲಿ, ಅಂದರೆ ಉಪಮೆ, ಗುರುತಿಸಿ ಅಂದರೆ ಮಕ್ಕಳು ‘ಲೈಕ್’ ಅಥವಾ ‘ಆ್ಯಸ್’ ಹುಡುಕುತ್ತಾರೆ. ನಾವೇ ಹಾಗೆ ಹೇಳಿಕೊಟ್ಟಿರುತ್ತೇವೆ. ಆಮೇಲೆ ‘ಐ ಲೈಕ್ ಮ್ಯಾಂಗೋಸ್’ ಅನ್ನುವುದನ್ನೂ ಸಿಮಿಲಿ ಅಂತ ಬರೆಯುತ್ತಾರೆ. ಅಷ್ಟೇ ಅಲ್ಲ, ‘ಹುಬ್ಬಳ್ಳಿಯ ಬಸ್ ಸ್ಟ್ಯಾಂಡ್ ಗದಗಿನ ಬಸ್ ಸ್ಟ್ಯಾಂಡಿನ ಹಾಗಿದೆ’ ಅನ್ನುವುದೂ ಸಿಮಿಲಿ ಅಲ್ಲ. ಒಂದೇ ಜಾತಿಯ ಎರಡು ವಸ್ತುಗಳನ್ನು ಹೋಲಿಸಿದರೆ ಅದು ಮಾಹಿತಿ. ದೂರದ ಎರಡು ವಸ್ತುಗಳು ಒಂದು ಗುಣದಲ್ಲಿ ಥಟ್ಟನೆ ಸೇರಿದಾಗ ಮಾತ್ರ ಅಲಂಕಾರ. ಇದು ನಮ್ಮ ಮಕ್ಕಳಿಗೆ ಗೊತ್ತಿಲ್ಲದ ವಿಷಯವೇ? ಕನ್ನಡ ಪೀರಿಯಡ್ಡಿನಲ್ಲಿ ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ವಾಚಕ ಪದ, ಸಮಾನ ಧರ್ಮ ಅಂತ ನಾಲ್ಕನ್ನೂ ಬಿಡಿಸಿ, ಸಮನ್ವಯ ಮಾಡಿ ಬರೆಯುತ್ತಾರೆ. ಮುಂದಿನ ಪೀರಿಯಡ್ಡಿನಲ್ಲಿ ಇಂಗ್ಲಿಷ್ ಸರ್ ಬಂದು ಅದನ್ನೇ ಹೊಸದಾಗಿ, ಅರ್ಧ ಮಾತ್ರ ಹೇಳಿಕೊಡುತ್ತಾರೆ. ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಚಹಾ ಕುಡಿಯುವ ಇಬ್ಬರು ಶಿಕ್ಷಕರು ಇದರ ಬಗ್ಗೆ ಒಂದು ದಿನವೂ ಮಾತಾಡದೆ ಇರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಮೆಟಾಫರ್‌ಗೆ, ಅಂದರೆ ರೂಪಕಕ್ಕೆ, ನಾನು ಒಗಟಿನಿಂದ ಶುರು ಮಾಡುತ್ತೇನೆ. ‘ನೀಲಿ ಕೆರೆಯಲ್ಲಿ ಬಿಳಿ ಮೀನು.’ ಉತ್ತರ ನಕ್ಷತ್ರ. ಉಪಮೇಯವನ್ನು ಬಚ್ಚಿಟ್ಟು ಉಪಮಾನವನ್ನು ಮಾತ್ರ ಕೊಟ್ಟಿದ್ದಾರೆ. ಬಚ್ಚಿಟ್ಟದ್ದನ್ನು ಹುಡುಕುವುದು ಮಗುವಿನ ಕೆಲಸ. ಇಂಗ್ಲಿಷ್ ಪದ್ಯದ ಮೆಟಾಫರನ್ನು ಓದುವಾಗಲೂ ಮಾಡಬೇಕಾದದ್ದು ಇದೇ ಕೆಲಸ.

ಈಗ ಲೇಖನ ಚಿಹ್ನೆಗಳಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕೆಂದರೆ ಇದನ್ನು ಯಾರೂ ಕಲಿಸುವುದೇ ಇಲ್ಲ. ವ್ಯಾಕರಣದ ಕೊನೇ ಪುಟದಲ್ಲಿ ಒಂದು ಪಟ್ಟಿ ಇರುತ್ತದೆ. ಓದಿ ಮುಂದೆ ಹೋಗುತ್ತೇವೆ.

ನಮ್ಮ ಹಳೆಯ ಓಲೆಗರಿಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಅಲ್ಪವಿರಾಮ, ಪ್ರಶ್ನೆಯ ಚಿಹ್ನೆ ಯಾವುದೂ ಇರಲಿಲ್ಲ. ಯುರೋಪಿನ ಹಳೆಯ ಗ್ರೀಕ್, ಲ್ಯಾಟಿನ್ ಹಸ್ತಪ್ರತಿಗಳೂ ಬಹಳ ಕಾಲ ಹಾಗೇ ಇದ್ದವು. ಗಟ್ಟಿಯಾಗಿ ಓದುವವರಿಗೆ ಎಲ್ಲಿ ನಿಲ್ಲಬೇಕು ಅಂತ ತೋರಿಸಲು ಅಲ್ಲಿ ಚಿಹ್ನೆಗಳು ಹುಟ್ಟಿದವು. ಅಚ್ಚಿನ ಯಂತ್ರ ಬಂದ ಮೇಲೆ ಗಟ್ಟಿಯಾದವು. ಅರ್ಧವಿರಾಮ (;) ಮೊದಲು ಅಚ್ಚಾದದ್ದು ವೆನಿಸ್ ನಗರದಲ್ಲಿ, ಆಲ್ಡಸ್ ಮನೂಟಿಯಸ್ ಎಂಬ ಮುದ್ರಕನ ಪ್ರೆಸ್ಸಿನಲ್ಲಿ, 15ನೇ ಶತಮಾನದ ಕೊನೆಗೆ. ಇವತ್ತು ನಾವು ಬಳಸುವ ಚಿಹ್ನೆಗಳು ಕನ್ನಡಕ್ಕೆ ಬಂದದ್ದೂ ಅಚ್ಚಿನ ಜೊತೆಗೇ. ಹಾಗಾದರೆ ಅದಕ್ಕೂ ಮೊದಲು ಕನ್ನಡ ಅವಿಲ್ಲದೆ ಹೇಗೆ ನಡೆಯಿತು? ಇದು ಮುಖ್ಯವಾದ ಪ್ರಶ್ನೆ.

ಕನ್ನಡ ಆ ಕೆಲಸವನ್ನು ಪದಗಳ ಒಳಗೇ ಮಾಡಿಕೊಂಡಿತ್ತು. ‘ಬಂದಾನ’ ಅಂದರೆ ಸುದ್ದಿ, ‘ಬಂದಾನೇನು’ ಅಂದರೆ ಪ್ರಶ್ನೆ. ಪ್ರಶ್ನೆಯ ಚಿಹ್ನೆ ಹಾಕದಿದ್ದರೂ ಗೊತ್ತಾಗುತ್ತದೆ. ‘ಅವನೂ ಇವನೂ’ ಅಂದಾಗ ಪಟ್ಟಿ ಆಯಿತು, ಅಲ್ಪವಿರಾಮ ಬೇಡ. ಬೇರೆಯವರ ಮಾತು ಎಲ್ಲಿ ಮುಗಿಯಿತು ಅನ್ನುವುದನ್ನು ‘ಎಂದು’ ಅಥವಾ ‘ಅಂತ’ ಹೇಳಿಬಿಡುತ್ತದೆ, ಉದ್ಧರಣ ಚಿಹ್ನೆ ಬೇಡ. ಇಂಗ್ಲಿಷಿನಲ್ಲಿ ಈ ಸೌಕರ್ಯಗಳು ಕಡಿಮೆ. ಅಲ್ಲಿ ಪದಗಳ ಕ್ರಮ ಮತ್ತು ಚಿಹ್ನೆ ಎರಡೂ ಸೇರಿ ಈ ಭಾರ ಹೊರುತ್ತವೆ.

‘ದಿ ಟೀಚರ್ ಸೆಡ್ ರವಿ ಈಸ್ ಲೇಟ್’ ಅಂತ ಬರೆಯಿರಿ. ತಡವಾಗಿ ಬಂದವನು ರವಿ. ಈಗ ಎರಡು ಅಲ್ಪವಿರಾಮ ಹಾಕಿ: ‘ದಿ ಟೀಚರ್, ಸೆಡ್ ರವಿ, ಈಸ್ ಲೇಟ್.’ ಒಂದು ಪದವೂ ಬದಲಾಗಿಲ್ಲ. ತಡವಾಗಿ ಬಂದವರು ಈಗ ಟೀಚರ್! ಕನ್ನಡದಲ್ಲಿ ‘ರವಿ ತಡ ಮಾಡಿದ್ದಾನೆ ಎಂದು ಟೀಚರ್ ಹೇಳಿದರು’, ‘ಟೀಚರ್ ತಡ ಮಾಡಿದ್ದಾರೆ ಎಂದು ರವಿ ಹೇಳಿದ’. ಇಲ್ಲಿ ಯಾವ ಚಿಹ್ನೆ ಕಿತ್ತು ಹಾಕಿದರೂ ಅರ್ಥ ಅಲುಗಾಡುವುದಿಲ್ಲ. ಇಂಥ ಭಾಷೆಯಲ್ಲಿ ಬೆಳೆದ ಮಗುವಿಗೆ ಅಲ್ಪವಿರಾಮ ಅಂದರೆ ಅಕ್ಷರದ ಕೆಳಗಿನ ಒಂದು ಅಂದದ ಗೆರೆ. ಅದರಿಂದ ಅರ್ಥ ಬದಲಾಗುತ್ತದೆ ಅಂತ ಯಾರಾದರೂ ತೋರಿಸುವವರೆಗೆ ಅದು ಹಾಗೇ ಅಂದುಕೊಳ್ಳುವುದು ಸಹಜ.

ಅಪಾಸ್ಟ್ರಫಿ (’) ಚಿಹ್ನೆಯೂ ಅಷ್ಟೇ. ರೈತನ ಎತ್ತುಗಳು, ರೈತರ ಎತ್ತುಗಳು. ಕನ್ನಡದಲ್ಲಿ ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಎರಡೂ ‘ಫಾರ್ಮರ್ಸ್ ಬುಲಕ್ಸ್’. ಬಾಯಲ್ಲಿ ಹೇಳಿದರೆ ವ್ಯತ್ಯಾಸವೇ ಇಲ್ಲ. ಎಸ್ ಅಕ್ಷರದ ಮುಂಚೆ ಚಿಹ್ನೆ ಬಂದರೆ ಒಬ್ಬ ರೈತ, ಎಸ್ ಆದ ಮೇಲೆ ಬಂದರೆ ಹಲವು ರೈತರು. ಅಂದರೆ ಇದನ್ನು ಕಿವಿಯಿಂದ ಕಲಿಯಲು ಸಾಧ್ಯವೇ ಇಲ್ಲ, ಕಣ್ಣಿಂದಲೇ ಕಲಿಯಬೇಕು. ದೊಡ್ಡಕ್ಷರದ ಕಥೆಯೂ ಅದೇ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನುವ ಭೇದವೇ ಇಲ್ಲವಲ್ಲ.

ಇನ್ನು ಎಲ್ಲರೂ ದೂರುವ ಸಮಸ್ಯೆ. ಪೂರ್ಣವಿರಾಮ ಇಲ್ಲದೆ ಅರ್ಧ ಪುಟ ಬರೆಯುವುದು. ‘ಐ ಗಾಟ್ ಅಪ್, ಐ ವಾಶ್ಡ್ ಮೈ ಫೇಸ್, ಐ ಡ್ರ್ಯಾಂಕ್ ಟೀ, ಐ ವೆಂಟ್ ಟು ಸ್ಕೂಲ್’ ಅಂತ ಉದ್ದಕ್ಕೆ ಹೋಗುತ್ತಲೇ ಇರುತ್ತದೆ. ಇದರ ಕೆಳಗಿನ ಕನ್ನಡ ಕೇಳಿ: ‘ಎದ್ದು, ಮುಖ ತೊಳೆದು, ಚಹಾ ಕುಡಿದು, ದನಕ್ಕೆ ಮೇವು ಹಾಕಿ, ಸಾಲಿಗೆ ಹೋದೆ.’ ಎಷ್ಟು ಚೊಕ್ಕವಾದ ವಾಕ್ಯ! ಪೂರ್ಣ ಕ್ರಿಯಾಪದ ಕೊನೆಯಲ್ಲಿ ಒಂದೇ. ಅದು ಬರುವವರೆಗೆ ವಾಕ್ಯ ಮುಗಿಯುವುದಿಲ್ಲ. ಮಗು ಇಂಗ್ಲಿಷಿನಲ್ಲೂ ಹಾಗೇ ಕೊನೆಗಾಗಿ ಕಾಯುತ್ತಿದೆ. ಆದರೆ ಇಂಗ್ಲಿಷಿನಲ್ಲಿ ಅದು ಬರೆದ ಒಂದೊಂದು ತುಣುಕೂ ಆಗಲೇ ಮುಗಿದ ವಾಕ್ಯ. ‘ಎದ್ದು’ ಮತ್ತು ‘ಎದ್ದೆ’ ಇವೆರಡರ ನಡುವಿನ ವ್ಯತ್ಯಾಸ ಗೊತ್ತಿರುವ ಮಗುವಿಗೆ ಪೂರ್ಣವಿರಾಮ ಎಲ್ಲಿ ಹಾಕಬೇಕು ಅಂತ ಹತ್ತು ನಿಮಿಷದಲ್ಲಿ ತೋರಿಸಬಹುದು. ನೀನು ಬರೆದದ್ದು ‘ಎದ್ದು’ ಅಂತ ಅಂದುಕೊಂಡಿದ್ದೀಯಾ, ಆದರೆ ಇಂಗ್ಲಿಷ್ ಅದನ್ನು ‘ಎದ್ದೆ’ ಅಂತ ಓದುತ್ತದೆ. ಅದಕ್ಕೆ ಇಲ್ಲಿ ಚುಕ್ಕೆ ಇಡು, ಇಲ್ಲವಾದರೆ ‘ಆ್ಯಂಡ್’ ಹಾಕು.

‘ಉಸಿರು ತಗೊಳ್ಳೋ ಕಡೆ ಕಾಮಾ ಹಾಕು’ ಅಂತ ಹೇಳಿಕೊಡುವುದನ್ನು ದಯವಿಟ್ಟು ಬಿಡೋಣ. ಒಂದು ಕಾಲಕ್ಕೆ ಚಿಹ್ನೆಗಳ ಕೆಲಸ ಅದೇ ಆಗಿತ್ತು, ನಿಜ. ಈಗಿನ ಇಂಗ್ಲಿಷಿನಲ್ಲಿ ಅಲ್ಪವಿರಾಮ ವಾಕ್ಯದ ರಚನೆಗೆ ಸೇರಿದ್ದು. ಉಸಿರನ್ನು ನಂಬಿದ ಮಗು ಕರ್ತೃಪದ ಮುಗಿದ ಕೂಡಲೇ ಒಂದು ಕಾಮಾ ಇಟ್ಟುಬಿಡುತ್ತದೆ, ಅಲ್ಲಿ ಅದು ಇರಲೇಬಾರದು.

ಇಂಗ್ಲಿಷ್ ಚಿಹ್ನೆಗೆ ಸಾಧ್ಯವಾಗಿ, ಕನ್ನಡದಲ್ಲಿ ಅಷ್ಟು ಸುಲಭವಾಗಿ ಆಗದ ಒಂದು ಕೆಲಸವೂ ಇದೆ. ‘ಗದಗಿನಲ್ಲಿರುವ ನನ್ನ ಅಣ್ಣ ಮಾಸ್ತರ’ ಅನ್ನಿ. ನನಗೆ ಒಬ್ಬನೇ ಅಣ್ಣನೋ, ಇನ್ನೊಬ್ಬ ಹಾವೇರಿಯಲ್ಲಿ ಇದ್ದಾನೋ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ‘ಹೂ ಲಿವ್ಸ್ ಇನ್ ಗದಗ್’ ಅನ್ನುವುದರ ಎರಡೂ ಬದಿಗೆ ಅಲ್ಪವಿರಾಮ ಇದ್ದರೆ ಇರುವುದು ಒಬ್ಬನೇ ಅಣ್ಣ, ಊರಿನ ಹೆಸರು ಹೆಚ್ಚಿನ ಮಾಹಿತಿ. ಅಲ್ಪವಿರಾಮ ಇಲ್ಲದಿದ್ದರೆ ಅಣ್ಣಂದಿರು ಹಲವರು, ಅವರಲ್ಲಿ ಗದಗಿನವನು ಮಾಸ್ತರ. ಎರಡು ಸಣ್ಣ ಗೆರೆಗಳು ಒಂದು ಮನೆಯ ಅಣ್ಣತಮ್ಮಂದಿರ ಲೆಕ್ಕ ಹೇಳುತ್ತವೆ! ಇದನ್ನು ಕಂಡ ದಿನ ಮಕ್ಕಳಿಗೆ ಚಿಹ್ನೆಗಳ ಮೇಲೆ ಗೌರವ ಬರುತ್ತದೆ.

ಕೊನೆಯದು ಪದಗಳು. ನಮ್ಮ ಮಕ್ಕಳಿಗೆ ಇಂಗ್ಲಿಷ್ ಪದ ಗೊತ್ತಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ‘ಚಾರ್ಜ್’ ಅನ್ನುವ ಒಂದೇ ಪದ ತಗೊಳ್ಳಿ. ಮೊಬೈಲಿಗೆ ಚಾರ್ಜ್ ಹಾಕುತ್ತಾರೆ. ಸಾಲಿಯಲ್ಲಿ ಇನ್‌ಚಾರ್ಜ್ ಹೆಡ್‌ಮಾಸ್ತರ್ ಇರುತ್ತಾರೆ. ಪೇಪರಿನಲ್ಲಿ ಲಾಠಿ ಚಾರ್ಜ್, ಚಾರ್ಜ್‌ಶೀಟ್ ಓದುತ್ತಾರೆ. ಬಸ್ ಚಾರ್ಜ್ ಕೊಡುತ್ತಾರೆ. ಇಷ್ಟೂ ಒಂದೇ ಪದ ಅಂತ ಅವರಿಗೆ ಯಾರೂ ಹೇಳಿಲ್ಲ. ಇದರ ಮೂಲ ಲ್ಯಾಟಿನ್ನಿನಲ್ಲಿದೆ, ಗಾಡಿಗೆ ಹೊರೆ ಹೇರುವುದು ಅನ್ನುವ ಅರ್ಥ. ಮೊಬೈಲಿಗೆ ವಿದ್ಯುತ್ ಹೇರುತ್ತೇವೆ, ಒಬ್ಬರ ಮೇಲೆ ಕೆಲಸ ಹೇರುತ್ತೇವೆ, ಒಬ್ಬರ ಮೇಲೆ ಅಪರಾಧ ಹೇರುತ್ತೇವೆ. ಈಗ ಕನ್ನಡ ನೋಡಿ. ಹೊಣೆ ಹೊರುತ್ತೇವೆ, ಆರೋಪ ಹೊರಿಸುತ್ತೇವೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳು ಜವಾಬ್ದಾರಿಯನ್ನೂ ಆಪಾದನೆಯನ್ನೂ ತಲೆಯ ಮೇಲಿನ ಹೊರೆಯಾಗಿಯೇ ಕಂಡಿವೆ. ಇದನ್ನು ನೆನೆದಾಗೆಲ್ಲ ನನಗೆ ಸಂತೋಷವಾಗುತ್ತದೆ. ಪದ ಕಲಿಯುವುದೂ ರೂಪಕ ಕಲಿಯುವುದೂ ಬೇರೆಬೇರೆ ಪಾಠ ಅಲ್ಲ ಅಂತ ಇಲ್ಲಿ ಕಣ್ಣಿಗೆ ಕಾಣುತ್ತದೆ. ‘ಕರೆಂಟ್’ ಕೂಡ ಹೀಗೇ. ಅದರ ಮೂಲ ಅರ್ಥ ಓಡುವುದು. ತಂತಿಯಲ್ಲಿ ಓಡುವುದು, ಹೊಳೆಯಲ್ಲಿ ಓಡುವ ಸೆಳವು, ಈಗ ಓಡುತ್ತಿರುವ ಸುದ್ದಿ, ಎಲ್ಲವೂ ಕರೆಂಟೇ.

ಪದ ಮತ್ತು ಅರ್ಥ ಅಂತ ಎರಡು ಕಾಲಂ ಮಾಡಿ ನೋಟ್ಸ್ ಬರೆಸುವುದರಿಂದ ಪ್ರಯೋಜನ ಕಡಿಮೆ. ಧಾರವಾಡ ಸೀಮೆಯಲ್ಲೂ ಇದ್ದು ಕನ್ನಡ ಕಲಿತ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಯಿತು. ಅದನ್ನು ತೆರೆದು ನೋಡಿ. ಎಷ್ಟೋ ಪದಗಳ ಮುಂದೆ ಅರ್ಥ ಕೊಟ್ಟು ಸುಮ್ಮನಾಗಿಲ್ಲ. ಆ ಪದ ಬರುವ ಗಾದೆಗಳನ್ನೂ ಕೊಟ್ಟಿದ್ದಾರೆ. ಜನರ ಬಾಯಲ್ಲಿ ಆ ಪದ ಯಾರ ಜೊತೆ ಓಡಾಡುತ್ತದೆ ಅಂತ ತೋರಿಸಿದ್ದಾರೆ. ನಮ್ಮ ಮಕ್ಕಳ ನೋಟ್‌ಬುಕ್ಕಿನಲ್ಲೂ ಪ್ರತಿ ಪದದ ಮುಂದೆ ಒಂದು ಪೂರ್ತಿ ವಾಕ್ಯ ಇರಲಿ. ಆ ವಾಕ್ಯ ಅವರ ಊರಿನದಾಗಿರಲಿ, ಅದರಲ್ಲಿ ಬ್ಯಾಡಗಿ ಮೆಣಸಿನಕಾಯಿ ಬರಲಿ, ಕಪ್ಪತಗುಡ್ಡದ ಗಾಳಿ ಬರಲಿ.

ಮಾತು ಮುಗಿದ ಮೇಲೆ ಶಿಕ್ಷಕಿಯೊಬ್ಬರು ಎದ್ದು ನಿಂತು ಕೇಳಿದರು: ‘ಸರ್, ನೀವು ಹೇಳೋದು ಚೆನ್ನಾಗಿದೆ. ಆದರೆ ಪರೀಕ್ಷೆಯಲ್ಲಿ ಅಲಂಕಾರದ ಹೆಸರು ಕೇಳ್ತಾರೆ, ಅಷ್ಟೇ. ಇದಕ್ಕೆಲ್ಲ ಟೈಮ್ ಎಲ್ಲಿದೆ?’ ನ್ಯಾಯವಾದ ಪ್ರಶ್ನೆ. ಹೆಸರು ಕಲಿಸಲೇಬೇಕು. ನಾನು ಹೇಳುವುದು ಹೆಸರನ್ನು ಕೊನೆಗೆ ಕಲಿಸಿ ಅಂತ. ಮಳೆ ಯಾಕೆ ಕೈ ಕೊಟ್ಟಿತು ಅಂತ ಮಾತಾಡಿದ ಮೇಲೆ ಪರ್ಸಾನಿಫಿಕೇಶನ್ ಅನ್ನುವ ಹೆಸರು ಅಂಟಿಸಲು ಎರಡು ನಿಮಿಷ ಸಾಕು. ಮೊದಲೇ ಹೆಸರು ಕೊಟ್ಟರೆ ಹೊಸ ಪದ್ಯ ಬಂದಾಗಲೆಲ್ಲ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಹೆಚ್ಚು ಟೈಮ್ ಹೋಗುವುದು ಅಲ್ಲೇ.

ಪಾಲಕರೊಬ್ಬರು ತಮಗೆ ಇಂಗ್ಲಿಷ್ ಬರುವುದಿಲ್ಲ, ಮನೆಯಲ್ಲಿ ಏನು ಮಾಡಬೇಕು ಅಂತ ಕೇಳಿದರು. ಅವರಿಗೆ ಹೇಳಿದ್ದು ಇದು. ಮಗ ಇಂಗ್ಲಿಷ್ ಪಾಠದ ಒಂದು ವಾಕ್ಯ ಓದಲಿ, ಅದನ್ನು ನಿಮಗೆ ಕನ್ನಡದಲ್ಲಿ ಹೇಳಲಿ. ಆಮೇಲೆ ಪುಸ್ತಕದಲ್ಲಿ ಅಲ್ಪವಿರಾಮ ಎಲ್ಲಿದೆ ಅಂತ ಬೆರಳಿಟ್ಟು ತೋರಿಸು ಅನ್ನಿ. ಅದನ್ನು ಬೆರಳಿಂದ ಮುಚ್ಚಿದರೆ ನಿನ್ನ ಕನ್ನಡ ಬದಲಾಗುತ್ತದಾ ಅಂತ ಕೇಳಿ. ಅವನು ಯೋಚಿಸಬೇಕು, ನಿಮಗೆ ವಿವರಿಸಬೇಕು. ನಿಮಗೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿ. ಅವನಿಗೂ ಗೊತ್ತಾಗದಿದ್ದರೆ ಆ ವಾಕ್ಯವನ್ನು ಬರೆದುಕೊಂಡು ಮರುದಿನ ಸಾಲಿಗೆ ತರಲಿ, ಅಲ್ಲಿ ನಾವಿದ್ದೇವೆ.